ಬೇವು ಉಳಿಸಲು ಪಾಯದ ನಕ್ಷೆ ಬದಲಿಸಿದ್ದು

ಹುಬ್ಬಳ್ಳಿಯಲ್ಲಿ ಹಳೆ ಮನೆ ಕೆಡವಿ ಅದೇ ಜಾಗದಲ್ಲಿ ಮೂರಂತಸ್ತು ಎಬ್ಬಿಸುವ ಕೆಲಸವೇ ನನಗೆ ಜಾಸ್ತಿ ಬರುತ್ತದೆ. ಇಂಥ ಪ್ಲಾಟುಗಳಲ್ಲಿ ಒಂದು ಬೇವೋ ಮಾವೋ ಇದ್ದೇ ಇರುತ್ತದೆ. ಅದು ಉಳಿಯಬೇಕಾದರೆ ನಕ್ಷೆ ಬರೆಯುವ ಮೊದಲೇ ತೀರ್ಮಾನ ಆಗಬೇಕು. ಬಸ್ಸುಗಳಿಗೇ ಮೀಸಲಾದ ಬಿಆರ್‌ಟಿಎಸ್ ರಸ್ತೆಗಾಗಿ ಹುಬ್ಬಳ್ಳಿ-ಧಾರವಾಡ ನಡುವಿನ ನೆರಳಿನ ಮರಗಳು ಹೋದದ್ದನ್ನು ನೋಡಿದ್ದೇನೆ. ಹಿತ್ತಲಲ್ಲಿ ಉಳಿದವಾದರೂ ಇರಲಿ ಎಂಬುದು ನನ್ನ ಹಠ.

ವಿದ್ಯಾನಗರದ ಒಂದು ಕೆಲಸ ಹೇಳುತ್ತೇನೆ. ಹಿತ್ತಲಲ್ಲಿ ದೊಡ್ಡ ಬೇವು. ಬೇರು ಗೋಡೆ ಸೀಳುತ್ತದೆ ಎಂಬ ಭಯ ಯಜಮಾನರಿಗೆ. "ಸಾಹೇಬ್ರ, ಗಿಡ ತಗದು ಬಿಡೂಣಲ್ರೀ, ಮುಂದ ತ್ರಾಸ ಬ್ಯಾಡ" ಎಂದರು. ನಮ್ಮ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ದೊಡ್ಡ ಮರ ವರ್ಷಗಟ್ಟಲೆ ಆ ಮಣ್ಣಿನ ನೀರು ಹೀರಿಕೊಂಡು ನಿಂತಿರುತ್ತದೆ. ಕಡಿದರೆ ಮಣ್ಣು ಮತ್ತೆ ನೀರು ತುಂಬಿಕೊಂಡು ಮೇಲೇಳುತ್ತದೆ, ಆಗಲೂ ಗೋಡೆ ಬಿರುಕು ಬಿಡುತ್ತದೆ. ಮರ ಇರಲಿ ಬಿಡಲಿ, ಇಲ್ಲಿ ಪಾಯ ಆಳಕ್ಕೆ ಹೋಗಲೇಬೇಕು ಅಂದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಜಾಗದ ಬೇವು ಕಡಿಯಲೂ ಅನುಮತಿ ಬೇಕು ಎಂಬುದನ್ನೂ ಹೇಳಿದೆ. ಒಪ್ಪಿದರು.

ಎದೆಮಟ್ಟದಲ್ಲಿ ಟೇಪು ಸುತ್ತಿದರೆ ಕಾಂಡ ಎರಡು ಮೀಟರ್ ಇತ್ತು. ಅಂದರೆ ಅಡ್ಡಳತೆ ಸುಮಾರು 64 ಸೆಂ.ಮೀ. ಅದರ 12 ಪಟ್ಟು ದೂರದವರೆಗೆ ಬೇರಿನ ಜಾಗ ಎಂದು ಲೆಕ್ಕ, ಸುಮಾರು 25 ಅಡಿ. ಪೇಟೆಯ ಪ್ಲಾಟಿನಲ್ಲಿ ಅಷ್ಟು ಎಲ್ಲಿಂದ ಬರಬೇಕು? ಇಲ್ಲಿ ಹಳೆ ಮನೆಯೇ ಕೈಹಿಡಿಯಿತು. ಅದರ ಕಲ್ಲಿನ ಪಾಯ ಆ ಬದಿಗೆ ಬೇರು ಹರಡದಂತೆ ತಡೆದಿತ್ತು. ಹಾಗಾಗಿ ಆ ಗೆರೆ ದಾಟಿ ಮರದ ಕಡೆ ಬರುವುದೇ ಬೇಡ ಎಂದು ನಕ್ಷೆ ಮಾಡಿದೆ. ಆ ಕಲ್ಲುಗಳನ್ನು ಕೀಳಲೂ ಇಲ್ಲ, ನೆಲಮಟ್ಟಕ್ಕೆ ಬಿಟ್ಟೆ.

ಮರದ ಕಡೆಯ ಸಾಲಿಗೆ ಉದ್ದಕ್ಕೂ ಪಾಯ ತೋಡಿಸದೆ ಅಂಡರ್‌ರೀಮ್ಡ್ ಪೈಲ್, ಅಂದರೆ ಆಳದಲ್ಲಿ ಬುಡ ಅಗಲಿಸಿದ ಕಾಂಕ್ರೀಟ್ ಕಂಬ, ಹಾಕಿಸಿ ಅವುಗಳ ತಲೆಯ ಮೇಲೆ ಬೀಮು ಕೂರಿಸಿದೆ. ಎರೆಮಣ್ಣಿಗೆ ಇದು ಮೊದಲಿಂದಲೂ ಒಗ್ಗಿದ ಪದ್ಧತಿ. ಪ್ರತಿ ಗುಂಡಿಯ ಮೇಲಿನ ಮೂರಡಿ ಕೈಯಿಂದಲೇ ಅಗೆಯಬೇಕು ಎಂದಿದ್ದೆ, ಏಕೆಂದರೆ ಜಾಸ್ತಿ ಬೇರು ಇರುವುದು ಅಷ್ಟರೊಳಗೇ. ಒಂದು ಕಡೆ ಕಲ್ಲಿನ ಸಂದಿಯಲ್ಲಿ ನುಗ್ಗಿದ್ದ ಬೇರು ಸಿಕ್ಕಿತು, ಮಣಿಕಟ್ಟಿನಷ್ಟು ದಪ್ಪ. "ಸರ್ರ, ಕಡೀಲೇನ್ರೀ?" ಎಂದ ಹುಡುಗ. ಬೇಡ ಅಂದೆ. ಪೈಲನ್ನೇ ಒಂದೂವರೆ ಅಡಿ ಸರಿಸಿ, ಬೀಮಿನ ಕಂಬಿ ಲೆಕ್ಕ ಮತ್ತೆ ಮಾಡಿದೆ. ಬೀಮಿನ ಕೆಳಗೆ ಎರೆಮಣ್ಣಲ್ಲಿ ಹೇಗೂ ನಾಲ್ಕು ಬೆರಳು ಸಂದು ಬಿಡುತ್ತೇವೆ, ಬೇರು ಅದರ ಕೆಳಗೆ ಆರಾಮಾಗಿ ಹೋಯಿತು. ಬೆರಳಿಗಿಂತ ಸಣ್ಣ ಬೇರುಗಳನ್ನು ಹರಿತವಾದ ಗರಗಸದಿಂದ ನೀಟಾಗಿ ಕತ್ತರಿಸಿ, ಮಣ್ಣು ಮುಚ್ಚುವವರೆಗೂ ಒದ್ದೆ ಗೋಣಿ ಹೊದಿಸಿದ್ದೆವು. ಜೆಸಿಬಿ ಬೇರನ್ನು ಜಗ್ಗಿ ಹರಿಯುತ್ತದೆ, ಸೀಳು ಬುಡದ ತನಕ ಹೋಗುತ್ತದೆ. ಅದಕ್ಕೇ ಅದನ್ನು ಆ ಕಡೆ ಬಿಡಲಿಲ್ಲ.

ಮರದ ಸುತ್ತ ತಗಡಿನ ಬೇಲಿ ಮಾತ್ರ ಮನೆ ಕೆಡವುವ ಮೊದಲೇ ನಿಂತಿರಬೇಕು. ನೆರಳಿದೆ ಎಂದು ಎಲ್ಲರೂ ಮರದ ಕೆಳಗೇ ಉಸುಕು, ಖಡಿ ಸುರಿಯುತ್ತಾರೆ. ಲಾರಿ ಹತ್ತಿದರೆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಮಿಕ್ಸರ್ ತೊಳೆದ ನೀರು. ಸಿಮೆಂಟಿನ ಸುಣ್ಣ ಬೇರನ್ನು ಸುಟ್ಟುಬಿಡುತ್ತದೆ. ಮಿಕ್ಸರನ್ನು ಗೇಟಿನ ಹತ್ತಿರ ಇಡಿಸಿದೆ. ಗೌಂಡಿಗೆ ನೀರು ಹೊರುವುದು ದೂರವಾಯಿತು, ಗೊಣಗಿದ, ಆದರೂ ಬಿಡಲಿಲ್ಲ. ಸಂಪು, ಡ್ರೈನೇಜ್ ಪೈಪು ಎಲ್ಲ ಎದುರು ಬದಿಗೆ ಹೋದವು. ಎಷ್ಟೋ ಕಡೆ ಕಟ್ಟಡದಿಂದ ಬಚಾವಾದ ಮರ ಕೊನೆಗೆ ಪೈಪು ಹಾಕಲು ತೋಡುವ ಗುಂಡಿಗೆ ಬಲಿಯಾಗುತ್ತದೆ.

ಕೆಲಸ ಮುಗಿದ ಮೇಲೆ ಅಂಗಳಕ್ಕೆ ಕಾಂಕ್ರೀಟ್ ಹಾಕಿಸುವ ಆಸೆ ಯಜಮಾನರಿಗಿತ್ತು. ಬುಡದ ಸುತ್ತ ಆರಡಿ ಬರೀ ಮಣ್ಣು ಬಿಡಿಸಿ, ಅದರಾಚೆ ಉಸುಕಿನ ಮೇಲೆ ಸಿಮೆಂಟಿಲ್ಲದೆ ಪೇವರ್ ಕೂರಿಸಿದೆವು. ಬೇರಿಗೆ ಪೆಟ್ಟು ಬಿದ್ದದ್ದು ತಕ್ಷಣ ಕಾಣುವುದಿಲ್ಲ, ಎರಡು ಮೂರು ವರ್ಷ ಬಿಟ್ಟು ತುದಿಯ ಟೊಂಗೆಗಳು ಒಣಗಲು ಶುರುವಾಗುತ್ತವೆ. ಹಾಗಾಗಿ ಬೇಸಿಗೆಯಲ್ಲಿ ಬುಡಕ್ಕಲ್ಲ, ಟೊಂಗೆಗಳ ತುದಿಯ ನೇರಕ್ಕೆ ನೆಲ ನೆನೆಯುವಂತೆ ಬೋರ್ ನೀರು ಬಿಡಿ ಎಂದು ಅವರ ಮನೆಯವರಿಗೆ ತೋರಿಸಿ ಬಂದಿದ್ದೇನೆ.