ಬದನಿಕೆ ಹಕ್ಕಿ, ಬದನಿಕೆ ಗಿಡ: ಹೋಲಿಸಿ ನೋಡುವುದು ಹೇಗೆ?

ಹಕ್ಕಿಗೂ ಗಿಡಕ್ಕೂ ಇರುವ ವ್ಯತ್ಯಾಸ ಬರೆಯಿರಿ ಅಂದರೆ ಮಕ್ಕಳು 'ಇದು ಹಾರುತ್ತದೆ, ಅದು ಹಾರುವುದಿಲ್ಲ' ಅಂತ ಬರೆದು ಪುಸ್ತಕ ಮುಚ್ಚುತ್ತಾರೆ. ಅಷ್ಟು ಸಾಲದು. ಎರಡಕ್ಕೂ ಒಂದೇ ಪ್ರಶ್ನೆ ಕೇಳಿ: ಹೊಟ್ಟೆ ಹೇಗೆ ತುಂಬುತ್ತದೆ? ಸಂತಾನ ಹೇಗೆ ಬೆಳೆಯುತ್ತದೆ? ಯಾರನ್ನು ನೆಚ್ಚಿಕೊಂಡಿದೆ?

ಮೊದಲು ಗಿಡ ಹುಡುಕಿ, ಹಕ್ಕಿ ತಾನಾಗಿ ಸಿಗುತ್ತದೆ. ಮೈಸೂರಿನ ರಸ್ತೆ ಬದಿಯ ಹೊಂಗೆ, ಬೇವು, ಮಂಡ್ಯ ಕಡೆಯ ಮಾವಿನ ತೋಪು ಎಲ್ಲಾದರೂ ಸರಿ, ಒಂದು ಕೊಂಬೆಯಲ್ಲಿ ಮಾತ್ರ ಬೇರೆ ಥರದ ದಪ್ಪ ಎಲೆ, ಕಿತ್ತಳೆ ಕೆಂಪಿನ ಕೊಳವೆಯಂಥ ಹೂವು ಕಂಡರೆ ಅದೇ ಬದನಿಕೆ, ಬೇರೆ ಮರದ ಮೇಲೆ ಬೆಳೆಯುವ ಪರಾವಲಂಬಿ ಗಿಡ, ಕೆಲವರು ಬಂದಳಿಕೆ ಅನ್ನುತ್ತಾರೆ. ಬೆಳಿಗ್ಗೆ ಅಲ್ಲಿ ನಿಂತು ಕಿವಿಗೊಡಿ. ಚಿಕ್ ಚಿಕ್ ಅಂತ ಬಿಡದೆ ಕೂಗುವ, ಸುಮಾರು 8 ಸೆಂ.ಮೀ. ಉದ್ದದ ಮಾಸಲು ಹಕ್ಕಿ, ಕೊಕ್ಕು ತಿಳಿ ಗುಲಾಬಿ, ಅದೇ ಬದನಿಕೆ ಹಕ್ಕಿ. ಗಂಡು ಹೆಣ್ಣು ನೋಡೋಕೆ ಒಂದೇ ಥರ. ಬೈನಾಕ್ಯುಲರ್ ಇದ್ದರೆ ಒಳ್ಳೇದು, ಸುಮ್ನೆ ಕೊಂಬೆ ಅಲ್ಲಾಡಿಸಬೇಡಿ.

ಈಗ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ. ಊಟದಲ್ಲೇ ಸ್ವಾರಸ್ಯ ಜಾಸ್ತಿ. ಗಿಡದ ಎಲೆ ಹಸಿರು, ಬಿಸಿಲಲ್ಲಿ ತನ್ನ ಆಹಾರವನ್ನು ತಾನೇ ಮಾಡಿಕೊಳ್ಳುತ್ತದೆ, ಆದರೆ ನೀರು, ಲವಣ ಮಾತ್ರ ಕೊಂಬೆಯೊಳಗೆ ಬೇರು ಹೊಗಿಸಿ ಮರದಿಂದ ಎಳೆಯುತ್ತದೆ. ಹಕ್ಕಿಗೆ ಬೇಕಾದ ಮಕರಂದ, ಹಣ್ಣು ಎರಡೂ ಈ ಗಿಡದಲ್ಲೇ ಇದೆ.

ಸಂತಾನದ ವಿಷಯದಲ್ಲಿ ಗಮನ ಕೊಟ್ಟು ನೋಡಿ. ಹಕ್ಕಿ ನಾರು, ಹತ್ತಿ, ಜೇಡರ ಬಲೆ ಸೇರಿಸಿ ಚೀಲದಂಥ ಗೂಡು ನೇತುಹಾಕಿ ಮರಿ ಸಾಕುತ್ತದೆ. ಗಿಡ ತನ್ನ ಬೀಜವನ್ನು ಹಕ್ಕಿಯ ಹೊಟ್ಟೆಗೇ ಒಪ್ಪಿಸುತ್ತದೆ! ಹಣ್ಣನ್ನು ಇಡಿಯಾಗಿ ನುಂಗಿದ ಹಕ್ಕಿ ಸ್ವಲ್ಪ ಹೊತ್ತಿಗೇ ಹಿಕ್ಕೆ ಹಾಕುತ್ತದೆ, ಬೀಜದ ಅಂಟು ಎಷ್ಟಿರುತ್ತದೆ ಅಂದರೆ ಹಕ್ಕಿ ಹಿಂಭಾಗವನ್ನು ಕೊಂಬೆಗೆ ಉಜ್ಜಿಯೇ ಬಿಡಿಸಿಕೊಳ್ಳಬೇಕು. ಆ ಬೀಜ ಕೊಂಬೆಗೆ ಅಂಟಿಕೊಂಡರೆ ಅಲ್ಲೇ ಮೊಳಕೆ, ನೆಲಕ್ಕೆ ಬಿದ್ದರೆ ವ್ಯರ್ಥ. ಮಾವಿನ ತೋಟದವರಿಗೆ ಈ ಹಕ್ಕಿ ಕಂಡರೆ ಕೋಪ ಬರುವುದು ಇದಕ್ಕೇ, ಅವರ ಕಷ್ಟವೂ ನಿಜ ಅಲ್ವಾ?

ದಪ್ಪ ಕೊಕ್ಕಿನ ಇನ್ನೊಂದು ಜಾತಿ ಕಂಡರೆ ಬೇರೆ ಪುಟ ಮಾಡಿ. ಅದು ಹಣ್ಣು ಹಿಂಡಿ ತಿರುಳು ತಿಂದು, ಬೀಜವನ್ನು ಕೊಕ್ಕಿನಿಂದಲೇ ಕೊಂಬೆಗೆ ಒರೆಸಿಬಿಡುತ್ತದೆ.