ಬೆಕ್ಕಿನ ಮೊಲೆಗಡ್ಡೆಯ ಕೋಶ ಬೆಳೆಸುವುದು: ದಾವಣಗೆರೆಯಲ್ಲಿ ನಾವು ಮಾಡುವ ಕ್ರಮ

ಬೆಕ್ಕಿನ ಮೊಲೆಯಲ್ಲಿ ಕಾಣುವ ಗಡ್ಡೆಗಳಲ್ಲಿ ಶೇ. 80ರಿಂದ 90ರಷ್ಟು ಕ್ಯಾನ್ಸರೇ ಆಗಿರುತ್ತವೆ. ನಾಯಿಯಲ್ಲಿ ಈ ಪ್ರಮಾಣ ಸುಮಾರು ಅರ್ಧ. ಬೆಕ್ಕಿನದು ಬೇಗ ದುಗ್ಧಗ್ರಂಥಿಗೂ ಶ್ವಾಸಕೋಶಕ್ಕೂ ಹರಡುತ್ತದೆ. ಬಹಳಷ್ಟು ಗಡ್ಡೆಗಳಲ್ಲಿ ಈಸ್ಟ್ರೋಜನ್ ಗ್ರಾಹಕವೇ (ಆ ಹಾರ್ಮೋನು ಬಂದು ಕೂರುವ ಪ್ರೋಟೀನ್) ಇರುವುದಿಲ್ಲ. ಮನುಷ್ಯರ ಸ್ತನ ಕ್ಯಾನ್ಸರಿನಲ್ಲಿ ಚಿಕಿತ್ಸೆಗೆ ಜಗ್ಗದ ಬಗೆಗೆ ಇದು ಹತ್ತಿರ, ಹಾಗಾಗಿ ಈ ಕೋಶಗಳ ಮೇಲೆ ಔಷಧ ಪರೀಕ್ಷಿಸಿದರೆ ಬೆಕ್ಕಿಗೂ ಮನುಷ್ಯರಿಗೂ ಉಪಯೋಗ. ಆದರೆ ಫ್ಲಾಸ್ಕಿನಲ್ಲಿ ಬೆಳೆದದ್ದು ನಿಜಕ್ಕೂ ಆ ಗಡ್ಡೆಯ ಕೋಶವೇ ಎಂದು ಸಾಬೀತಾಗದ ಹೊರತು ಮುಂದಿನ ಯಾವ ಫಲಿತಾಂಶಕ್ಕೂ ಬೆಲೆ ಇಲ್ಲ. ನಮ್ಮ ಅರ್ಧಕ್ಕೂ ಹೆಚ್ಚು ಶ್ರಮ ಹೋಗುವುದು ಅಲ್ಲಿಗೇ.

ಇದಕ್ಕಾಗಿ ಯಾವ ಬೆಕ್ಕಿಗೂ ರೋಗ ತರಿಸುವುದಿಲ್ಲ. ಚಿಕಿತ್ಸೆಗೆಂದೇ ನಡೆಯುವ ಶಸ್ತ್ರಕ್ರಿಯೆಯಲ್ಲಿ ತೆಗೆದ ಗಡ್ಡೆಯ ಒಂದು ತುಂಡು ಸಾಕು. ಸಾಕಿದವರಿಂದ ಕನ್ನಡದಲ್ಲೇ ಬರೆದ ಒಪ್ಪಿಗೆ ಪತ್ರ ಮೊದಲು. ಅದರ ಜೊತೆ ಬೆಕ್ಕಿನ ವಯಸ್ಸು, ಸಂತಾನಹರಣ ಆಗಿದೆಯೇ, ಆಗಿದ್ದರೆ ಯಾವ ವಯಸ್ಸಿನಲ್ಲಿ, ಬೆದೆ ತಡೆಯಲು ಪ್ರೊಜೆಸ್ಟಿನ್ (ಪ್ರೊಜೆಸ್ಟೆರಾನ್ ಹಾರ್ಮೋನಿನಂತೆ ಕೆಲಸ ಮಾಡುವ ಔಷಧ) ಮಾತ್ರೆ ಅಥವಾ ಇಂಜೆಕ್ಷನ್ ಕೊಟ್ಟಿದ್ದರೇ, ನಾಲ್ಕು ಜೋಡಿ ಮೊಲೆಗಳಲ್ಲಿ ಗಡ್ಡೆ ಯಾವುದರಲ್ಲಿ, ಅದರ ಅಳತೆ ಎಷ್ಟು ಸೆಂ.ಮೀ. ಎಂದು ಬರೆದಿಡುತ್ತೇವೆ. ಪ್ರೊಜೆಸ್ಟಿನ್ ಪ್ರಶ್ನೆಯನ್ನು ಬಿಡಲೇಬಾರದು. ಆ ಔಷಧ ಪಡೆದ ಅಥವಾ ಗಬ್ಬವಾದ ಎಳೆಯ ಬೆಕ್ಕಿನಲ್ಲಿ ಎಲ್ಲ ಮೊಲೆಗಳೂ ಒಮ್ಮೆಲೇ ಊದಿಕೊಂಡಿದ್ದರೆ ಅದು ಹಾರ್ಮೋನಿನಿಂದಾದ ಬೆಳವಣಿಗೆ ಇರಬಹುದು, ಕ್ಯಾನ್ಸರ್ ಅಲ್ಲ. ಅಂಥದ್ದನ್ನು ಕ್ಯಾನ್ಸರ್ ಮಾದರಿ ಎಂದು ಬೆಳೆಸಿದರೆ ಶುರುವಿನಲ್ಲೇ ದಾರಿ ತಪ್ಪಿದಂತೆ.

ಸರ್ಜನ್‌ಗೆ ನಮ್ಮ ಕೋರಿಕೆ ಎರಡೇ. ಕಾಟರಿ (ರಕ್ತ ನಿಲ್ಲಿಸಲು ಸುಡುವ ಉಪಕರಣ) ತಾಗಿದ ಅಂಚನ್ನು ಕೊಡಬೇಡಿ, ಅಲ್ಲಿನ ಕೋಶ ಸುಟ್ಟಿರುತ್ತದೆ. ದೊಡ್ಡ ಗಡ್ಡೆಯ ನಟ್ಟನಡುವಿನದೂ ಬೇಡ, ಅದು ಕೊಳೆತು ಸತ್ತಿರುತ್ತದೆ. ನಡುವಿಗೂ ಅಂಚಿಗೂ ಮಧ್ಯದ ಗಟ್ಟಿಯಾದ, ಬಿಳಿಚಿದ ಭಾಗದಿಂದ 1 ಸೆಂ.ಮೀ. ತುಂಡು ಬೇಕು. ಅದನ್ನು ಎರಡು ಮಾಡಿ ಒಂದನ್ನು ಹತ್ತು ಪಟ್ಟು ಶೇ. 10ರ ಬಫರ್ಡ್ ಫಾರ್ಮಲಿನ್‌ನಲ್ಲಿ 24ರಿಂದ 48 ಗಂಟೆ ಇಟ್ಟು ಪ್ಯಾರಾಫಿನ್ ಬ್ಲಾಕ್ (ಸ್ಲೈಡ್‌ಗೆ ಕೊಯ್ಯಲು ಮೇಣದಲ್ಲಿ ಹುದುಗಿಸಿದ ತುಂಡು) ಮಾಡಿಸುತ್ತೇವೆ, ಇನ್ನೊಂದು ಕಲ್ಚರ್‌ಗೆ, ಅಂದರೆ ಫ್ಲಾಸ್ಕಿನಲ್ಲಿ ಕೋಶ ಬೆಳೆಸಲು. ಒಂದು ಪಕ್ಕದ ಮೊಲೆಸಾಲನ್ನು ಪೂರ್ತಿ ತೆಗೆದಿದ್ದರೆ ಗಡ್ಡೆಯಿಲ್ಲದ ಮೊಲೆಯ ಚೂರನ್ನೂ ಕೇಳಿ ಪಡೆಯುತ್ತೇವೆ, ಹೋಲಿಕೆಗೆ. ಕಣ್ಣಿಗೆ ಸರಿಯಾಗಿ ಕಂಡದ್ದರಲ್ಲೂ ಒಳಗೆ ಬದಲಾವಣೆ ಇರಬಹುದು, ಆದ್ದರಿಂದ ಅದರದೂ ಸ್ಲೈಡ್ ನೋಡಬೇಕು.

ಸಾಗಿಸುವ ದ್ರವ ಡಿಎಂಇಎಂ/ಎಫ್-12, ಅಂದರೆ ಕೋಶ ಬೆಳೆಸುವ ಪೋಷಕ ದ್ರವ (ಮೀಡಿಯಂ). ಅದಕ್ಕೆ ಮಿ.ಲೀ.ಗೆ ಪೆನಿಸಿಲಿನ್ 200 ಯೂನಿಟ್, ಸ್ಟ್ರೆಪ್ಟೊಮೈಸಿನ್ 200 ಮೈಕ್ರೊಗ್ರಾಂ, ಆಂಫೊಟೆರಿಸಿನ್-ಬಿ 2.5 ಮೈಕ್ರೊಗ್ರಾಂ. ಚಿತ್ರದುರ್ಗದಿಂದ ಇಲ್ಲಿಗೆ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಅಷ್ಟು ಹೊತ್ತು ಇದ್ದರೆ ಸಾಕು, ಅಂಗಾಂಶ ಹಾಳು. ಹಾಗೆಂದು ಐಸ್‌ಪ್ಯಾಕ್‌ಗೆ ಟ್ಯೂಬನ್ನು ನೇರವಾಗಿ ಒತ್ತಿಟ್ಟರೆ ಅದು ಹೆಪ್ಪುಗಟ್ಟುತ್ತದೆ, ಆಗಲೂ ಕೋಶ ಒಡೆಯುತ್ತದೆ. ನಡುವೆ ಮಡಚಿದ ಬಟ್ಟೆ ಇಟ್ಟು 4 ಡಿಗ್ರಿಯ ಆಸುಪಾಸಿನಲ್ಲಿ ತರಿಸಿ, ಅದೇ ದಿನ ಕೆಲಸಕ್ಕೆ ಕೂರುತ್ತೇವೆ.

ಬೆಕ್ಕಿನ ಗಡ್ಡೆ ಹುಣ್ಣಾಗಿ ಒಡೆದಿರುವುದು ಸಾಮಾನ್ಯ, ಬ್ಯಾಕ್ಟೀರಿಯಾ ಬರುವುದು ಆ ದಾರಿಯಿಂದಲೇ. ಹುಣ್ಣಿನ ಮೇಲ್ಮೈಯನ್ನೂ ಕೊಬ್ಬನ್ನೂ ಕತ್ತರಿಸಿ ತೆಗೆದು, ಆಂಟಿಬಯೋಟಿಕ್ ಹಾಕಿದ ಪಿಬಿಎಸ್‌ನಲ್ಲಿ (ಕೋಶಕ್ಕೆ ಹಾನಿಯಾಗದ ಉಪ್ಪುದ್ರಾವಣ) ಪ್ರತಿ ಸಲ ಹೊಸ ಡಿಶ್‌ಗೆ ವರ್ಗಾಯಿಸುತ್ತ ಐದಾರು ಬಾರಿ ತೊಳೆಯುತ್ತೇವೆ. ಆಮೇಲೆ ಎರಡು ಸ್ಕಾಲ್ಪೆಲ್ ಹಿಡಿದು ರಾಗಿ ಕಾಳಿನಷ್ಟು ಸಣ್ಣದಾಗಿ ಹೆಚ್ಚುವುದು. ಜಜ್ಜಬಾರದು, ಎಳೆಯಬಾರದು, ಬ್ಲೇಡ್ ಮೊಂಡಾದರೆ ತಕ್ಷಣ ಬದಲಿಸಬೇಕು.

ಹೆಚ್ಚಿದ್ದನ್ನು ಅಂಗಾಂಶ ಬಿಡಿಸುವ ಕಿಣ್ವಗಳಾದ ಕೊಲಾಜಿನೇಸ್ (ಮಿ.ಲೀ.ಗೆ 1 ಮಿ.ಗ್ರಾಂ) ಮತ್ತು ಹಯಲುರೊನಿಡೇಸ್ (ಮಿ.ಲೀ.ಗೆ 100 ಯೂನಿಟ್) ಬೆರೆಸಿದ ಮೀಡಿಯಂನಲ್ಲಿ 37 ಡಿಗ್ರಿಯಲ್ಲಿ ಮೆಲ್ಲಗೆ ಅಲುಗಾಡಿಸುತ್ತ ಒಂದರಿಂದ ಮೂರು ಗಂಟೆ ಇಡುತ್ತೇವೆ. ಗಡಿಯಾರ ನೋಡಿ ನಿಲ್ಲಿಸುವ ಕೆಲಸ ಇದಲ್ಲ. ಅರ್ಧ ಗಂಟೆಗೊಮ್ಮೆ ಒಂದು ಹನಿ ಮೈಕ್ರೋಸ್ಕೋಪಿನಡಿ ನೋಡಿ, ಹತ್ತರಿಂದ ಐವತ್ತು ಕೋಶಗಳ ಗುಂಪುಗಳು ಬಿಡಿಬಿಡಿಯಾಗಿ ಕಂಡಾಗ ನಿಲ್ಲಿಸುತ್ತೇವೆ. ಒಂಟಿ ಕೋಶ ಆಗುವವರೆಗೆ ಬಿಟ್ಟರೆ ನಮಗೆ ಬೇಕಾದ ಎಪಿಥೀಲಿಯಲ್ ಕೋಶಗಳು (ಗ್ರಂಥಿಯ ಒಳಪದರದವು, ಈ ಕ್ಯಾನ್ಸರ್ ಹುಟ್ಟುವುದು ಇವುಗಳಿಂದ) ಸಾಯುತ್ತವೆ, ಫೈಬ್ರೊಬ್ಲಾಸ್ಟ್‌ಗಳು (ಸುತ್ತಲಿನ ನಾರಿನ ಅಂಗಾಂಶದ ಕೋಶಗಳು) ಉಳಿಯುತ್ತವೆ. ದ್ರವ ಅಂಟಂಟಾಗಿ ನೂಲು ನೂಲಾದರೆ ಒಡೆದ ಕೋಶಗಳ ಡಿಎನ್‌ಎ ಹೊರಬಂದಿದೆ ಎಂದರ್ಥ. ಡಿಎನ್‌ಎ ಕತ್ತರಿಸುವ ಕಿಣ್ವ ಡಿಎನ್‌ಏಸ್ ಸ್ವಲ್ಪ ಹಾಕಿದರೆ ಬಿಡಿಸಿಕೊಳ್ಳುತ್ತದೆ. ನಂತರ 100 ಮೈಕ್ರಾನ್ ಜರಡಿ, 200 ಜಿ ಬಲದಲ್ಲಿ (ಗುರುತ್ವದ 200 ಪಟ್ಟು) 5 ನಿಮಿಷ ಸೆಂಟ್ರಿಫ್ಯೂಜ್, ಗಸಿ ಕೆಂಪಾಗಿದ್ದರೆ ಅಮೋನಿಯಂ ಕ್ಲೋರೈಡ್ ದ್ರಾವಣದಿಂದ ಕೆಂಪು ರಕ್ತಕಣ ಒಡೆಯುವುದು.

ಇನ್ನು ಫೈಬ್ರೊಬ್ಲಾಸ್ಟ್. ಈ ಕೆಲಸದಲ್ಲಿ ಅತಿ ಹೆಚ್ಚು ಕಲ್ಚರ್‌ಗಳನ್ನು ಕೆಡಿಸುವುದು ಇದೇ. ಮೊದಲ ವಾರ ಕಲ್ಲುಹಾಸಿನಂತಹ ಎಪಿಥೀಲಿಯಲ್ ದ್ವೀಪಗಳು ಚೆನ್ನಾಗಿ ಕಾಣುತ್ತವೆ, ಎರಡನೇ ವಾರ ಉದ್ದುದ್ದ ಫೈಬ್ರೊಬ್ಲಾಸ್ಟ್‌ಗಳು ಸುತ್ತುವರಿದು ಅವನ್ನು ಮುಚ್ಚಿಬಿಡುತ್ತವೆ. ಮೂರು ಉಪಾಯಗಳನ್ನು ಒಟ್ಟಿಗೇ ಬಳಸಬೇಕು. ಒಂದು: ಕೋಶಗಳನ್ನು ಮಾಮೂಲಿ ಫ್ಲಾಸ್ಕಿಗೆ ಹಾಕಿ 30ರಿಂದ 60 ನಿಮಿಷ ಬಿಟ್ಟರೆ ಫೈಬ್ರೊಬ್ಲಾಸ್ಟ್ ಮೊದಲು ಅಂಟಿಕೊಳ್ಳುತ್ತದೆ, ತೇಲುತ್ತಿರುವುದನ್ನು ಕೊಲಾಜೆನ್ ಲೇಪಿಸಿದ ಫ್ಲಾಸ್ಕಿಗೆ ವರ್ಗಾಯಿಸಬೇಕು. ಎರಡು: ಕೋಶಗಳು ಅಂಟಿದ ಮೇಲೆ ಸೀರಂ ಅನ್ನು ಶೇ. 10ರಿಂದ ಶೇ. 2ಕ್ಕೆ ಇಳಿಸಿ, ಮಿ.ಲೀ.ಗೆ ಇನ್ಸುಲಿನ್ 5 ಮೈಕ್ರೊಗ್ರಾಂ, ಹೈಡ್ರೊಕಾರ್ಟಿಸೋನ್ 0.5 ಮೈಕ್ರೊಗ್ರಾಂ, ಇಜಿಎಫ್ (ಎಪಿಥೀಲಿಯಲ್ ಕೋಶ ಬೆಳೆಯಲು ಪ್ರಚೋದಿಸುವ ಪ್ರೋಟೀನ್) 10 ನ್ಯಾನೊಗ್ರಾಂ ಕೊಡಬೇಕು. ಮೂರು: ಅಂಟಿದ ಕೋಶ ಬಿಡಿಸುವ ಕಿಣ್ವ ಟ್ರಿಪ್ಸಿನ್ ಅನ್ನು ಶೇ. 0.05ರಷ್ಟು ಹಾಕಿ, ಫೈಬ್ರೊಬ್ಲಾಸ್ಟ್ ಮೊದಲು ಬಿಡುವುದರಿಂದ ಒಂದೆರಡು ನಿಮಿಷದಲ್ಲಿ ಬಿಟ್ಟುಬರುವುದನ್ನು ಚೆಲ್ಲಿ, ಗಟ್ಟಿಯಾಗಿ ಕಚ್ಚಿಕೊಂಡಿರುವುದನ್ನೇ ಉಳಿಸಿಕೊಳ್ಳಬೇಕು.

ಇಷ್ಟಾದ ಮೇಲೆ ಗುರುತು. ಕೋಶದೊಳಗಿನ ಪ್ರೋಟೀನ್‌ಗಳಿಗೆ ಪ್ರತಿಕಾಯದಿಂದ ಬಣ್ಣ ಹಾಕಿ ನೋಡುತ್ತೇವೆ. ಸೈಟೊಕೆರಟಿನ್ ಎಂಬ ಪ್ರೋಟೀನ್‌ಗೆ ಬಣ್ಣ ಬಂದರೆ ಎಪಿಥೀಲಿಯಲ್ ಕೋಶ. ಫೈಬ್ರೊಬ್ಲಾಸ್ಟ್‌ನಲ್ಲಿರುವ ವೈಮೆಂಟಿನ್ ಒಂದನ್ನೇ ನೋಡಿ ಫೈಬ್ರೊಬ್ಲಾಸ್ಟ್ ಎಂದು ತಳ್ಳಬಾರದು, ಕ್ಯಾನ್ಸರ್ ಕೋಶಗಳೂ ಅದನ್ನು ತೋರಿಸಬಹುದು. ಎರಡನ್ನೂ ಒಟ್ಟಿಗೆ ಓದಬೇಕು. ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಗ್ರಾಹಕಗಳಿಗೆ ಬಳಸುವ ಪ್ರತಿಕಾಯಗಳು ಹೆಚ್ಚಾಗಿ ಮನುಷ್ಯರಿಗೆಂದು ತಯಾರಾದವು, ಬೆಕ್ಕಿನಲ್ಲಿ ಕೆಲಸ ಮಾಡುತ್ತವೆಯೇ ಎಂದು ಮೊದಲು ನೋಡಬೇಕು. ಅದಕ್ಕೆ ಈ ಗ್ರಾಹಕಗಳಿರುವ ಬೆಕ್ಕಿನ ಗರ್ಭಕೋಶವೇ ಒಳ್ಳೆಯ ಒರೆಗಲ್ಲು. ಸಂತಾನಹರಣ ಶಸ್ತ್ರಕ್ರಿಯೆಯಲ್ಲಿ ತೆಗೆದದ್ದರಿಂದ ಒಂದು ಬ್ಲಾಕ್ ಮಾಡಿಟ್ಟುಕೊಂಡರೆ ಬಹಳ ಕಾಲ ಬರುತ್ತದೆ. ಫ್ಲಾಸ್ಕಿನ ಕೋಶ ಮತ್ತು ಮೂಲ ಗಡ್ಡೆಯ ಬ್ಲಾಕ್ ಎರಡಕ್ಕೂ ಒಂದೇ ದಿನ ಬಣ್ಣ ಹಾಕಿ ಪಕ್ಕಪಕ್ಕ ನೋಡುತ್ತೇವೆ. ಹೊಂದದಿದ್ದರೆ ಆ ಕಲ್ಚರ್ ಕೈಬಿಡುವುದೇ ಸರಿ, ಎಷ್ಟೇ ಚೆನ್ನಾಗಿ ಬೆಳೆದಿರಲಿ. ಬೆಕ್ಕಿನ ಸಾಮಾನ್ಯ ಕೋಶದಲ್ಲಿ 38 ವರ್ಣತಂತುಗಳು. ಕ್ಯಾನ್ಸರ್ ಕೋಶದಲ್ಲಿ ಲೆಕ್ಕ ಏರುಪೇರಾಗಿರುವುದು ಇನ್ನೊಂದು ಸುಳಿವು. ಕಲ್ಚರ್‌ಗೆ ಕಾಣದಂತೆ ಸೇರಿಕೊಳ್ಳುವ ಸಣ್ಣ ಬ್ಯಾಕ್ಟೀರಿಯಾ ಮೈಕೊಪ್ಲಾಸ್ಮಾ ಇದೆಯೇ ಎಂಬ ಪಿಸಿಆರ್ ಪರೀಕ್ಷೆ ತಿಂಗಳಿಗೊಮ್ಮೆ, ತಪ್ಪದೆ.

ಮನುಷ್ಯರ ಕೋಶಗಳನ್ನೂ ಬೆಳೆಸುವ ಲ್ಯಾಬ್‌ಗಳು ಒಂದು ವಿಷಯ ಗಮನಿಸಬೇಕು. ಬೆಕ್ಕಿನ ವಂಶವಾಹಿಯಲ್ಲೇ ಆರ್‌ಡಿ-114 ಎಂಬ ರೆಟ್ರೊವೈರಸ್ ಅಡಗಿದೆ, ಅದು ಹೊರಬಂದು ಮನುಷ್ಯ ಕೋಶಗಳಿಗೆ ಹತ್ತಬಲ್ಲದು. ಹಾಗಾಗಿ ಮೀಡಿಯಂ ಬಾಟಲಿ ಬೇರೆ, ಹುಡ್‌ನಲ್ಲಿ (ಶುದ್ಧ ಗಾಳಿಯ ಕೆಲಸದ ಪೆಟ್ಟಿಗೆ) ಕೂರುವ ಸಮಯ ಬೇರೆ.

ಮೂರು ಆಯಾಮದ ಕಲ್ಚರ್‌ಗೆ ಅದೇ ಕೋಶಗುಂಪುಗಳನ್ನು ಮ್ಯಾಟ್ರಿಜೆಲ್‌ನಲ್ಲಿ (ತಣ್ಣಗಿದ್ದರೆ ದ್ರವ, ಬೆಚ್ಚಗಾದರೆ ಗಟ್ಟಿಯಾಗುವ ಪ್ರೋಟೀನ್ ಜೆಲ್) ಬೆರೆಸಿ 40 ಮೈಕ್ರೊಲೀಟರ್ ಹನಿಗಳಾಗಿ ಬಿಡುತ್ತೇವೆ. ಇಲ್ಲಿಯ ಬೇಸಿಗೆಯಲ್ಲಿ ಅದು ಪಿಪೆಟ್ ತುದಿಯೊಳಗೇ ಗಟ್ಟಿಯಾಗುತ್ತದೆ. ಟಿಪ್ಪು, ಟ್ಯೂಬು ಎಲ್ಲವನ್ನೂ ಹಿಂದಿನ ರಾತ್ರಿಯೇ ಫ್ರೀಜರ್‌ನಲ್ಲಿಟ್ಟು, ಐಸ್ ಮೇಲೆಯೇ ಕೆಲಸ ಮುಗಿಸಬೇಕು. ಮೊದಲೆರಡು ದಿನ ಕೋಶ ಸಾಯದಂತೆ ತಡೆಯುವ ವೈ-27632 ಎಂಬ ರಾಸಾಯನಿಕವನ್ನು 10 ಮೈಕ್ರೊಮೋಲಾರ್ ಕೊಟ್ಟರೆ ಬದುಕುವ ಕೋಶ ಹೆಚ್ಚು. ಇಲಿಯಲ್ಲಿ ಗಡ್ಡೆ ನೆಟ್ಟು ಬೆಳೆಸುವ ಮಾದರಿಗೆ ಪ್ರಾಣಿಪ್ರಯೋಗ ಸಮಿತಿಯ ಅನುಮತಿಯೂ ರೋಗಮುಕ್ತ ಇಲಿಮನೆಯೂ ಬೇಕು. ಅದನ್ನು ನಾವು ಮಾಡುವುದಿಲ್ಲ.

ಕ್ಯಾನ್ಸರ್ ಔಷಧ ಡಾಕ್ಸೊರುಬಿಸಿನ್ ಪರೀಕ್ಷೆಗೆ 96 ಗುಳಿಯ ಪ್ಲೇಟಿನಲ್ಲಿ ಗುಳಿಗೆ 5,000 ಕೋಶ, ಒಂದು ದಿನ ಅಂಟಲು ಬಿಟ್ಟು, 0.01ರಿಂದ 10 ಮೈಕ್ರೊಮೋಲಾರ್‌ವರೆಗೆ ಔಷಧ, 72 ಗಂಟೆ. ಒಣಹವೆಯಲ್ಲಿ ಅಂಚಿನ ಗುಳಿಗಳು ಆರಿ ಅಂಕಿ ಕೆಡುತ್ತವೆ, ಅವಕ್ಕೆ ಪಿಬಿಎಸ್ ಮಾತ್ರ ತುಂಬಿ. ಔಷಧವೇ ಕೆಂಪು ಬಣ್ಣದ್ದು, ಬದುಕಿದ ಕೋಶವನ್ನು ಬಣ್ಣದಿಂದ ಅಳೆಯುವಾಗ ಅದೂ ಸೇರಿಬಿಡುತ್ತದೆ, ಆದ್ದರಿಂದ ಕೋಶವಿಲ್ಲದೆ ಔಷಧ ಮಾತ್ರ ಇರುವ ಗುಳಿಗಳನ್ನೂ ಇಟ್ಟು ಆ ಓದನ್ನು ಕಳೆಯಬೇಕು.

ಕರೆಂಟ್ ಹೋದಾಗ ಇನ್‌ಕ್ಯುಬೇಟರ್ ಬಾಗಿಲು ತೆಗೆಯಬೇಡಿ. ಮೀಡಿಯಂನಲ್ಲಿ 15 ಮಿಲಿಮೋಲಾರ್ ಹೆಪೆಸ್ (ಪಿಎಚ್ ಕಾಯುವ ಬಫರ್) ಇದ್ದು ಫ್ಲಾಸ್ಕ್ ಮುಚ್ಚಳ ಬಿಗಿಯಾಗಿದ್ದರೆ ಪಿಎಚ್ ಕೆಲವು ಗಂಟೆ ತಡೆಯುತ್ತದೆ. ಇನ್‌ಕ್ಯುಬೇಟರ್ ತಟ್ಟೆಗೆ ಬೋರ್‌ವೆಲ್ ನೀರು ಬೇಡ, ನಮ್ಮ ಕಡೆಯ ಗಡಸು ನೀರು ಉಪ್ಪು ಕಟ್ಟುತ್ತದೆ. ಸ್ಟೆರೈಲ್ ಡಿಸ್ಟಿಲ್ಡ್ ವಾಟರ್ ಹಾಕಿ.

ಐದನೇ ಪ್ಯಾಸೇಜ್ (ತುಂಬಿದ ಫ್ಲಾಸ್ಕಿನಿಂದ ಹೊಸದಕ್ಕೆ ಕೋಶ ವರ್ಗಾಯಿಸುವ ಸರದಿ) ದಾಟುವ ಮೊದಲೇ ಸಂಗ್ರಹ ಮಾಡಬೇಕು, ಆಮೇಲೆ ಕೋಶದ ಗುಣ ಬದಲಾಗುತ್ತ ಹೋಗುತ್ತದೆ. ಶೇ. 90 ಸೀರಂ, ಶೇ. 10 ಡಿಎಂಎಸ್‌ಓ (ಹೆಪ್ಪುಗಟ್ಟುವಾಗ ಕೋಶ ಒಡೆಯದಂತೆ ಕಾಯುವ ದ್ರವ), ವಯಲ್‌ಗೆ 10 ಲಕ್ಷ ಕೋಶ, ನಿಮಿಷಕ್ಕೆ 1 ಡಿಗ್ರಿಯಂತೆ ಮೈನಸ್ 80ಕ್ಕೆ, ಮರುದಿನ ದ್ರವ ಸಾರಜನಕಕ್ಕೆ. ಹಸು ಎಮ್ಮೆಗಳ ಕೃತಕ ಗರ್ಭಧಾರಣೆಗೆಂದು ದ್ರವ ಸಾರಜನಕ ತಾಲ್ಲೂಕುಗಳವರೆಗೂ ಹೋಗುವುದರಿಂದ ಅದು ಇಲ್ಲಿ ಅಪರೂಪದ ವಸ್ತುವಲ್ಲ. ಆದರೆ ವೀರ್ಯದ ಸ್ಟ್ರಾ ಇರುವ ಕ್ಯಾನಿನಲ್ಲೇ ಕೋಶದ ವಯಲ್ ಇಳಿಸಕೂಡದು. ನಮ್ಮದೇ ಕ್ಯಾನ್, ವಾರಕ್ಕೊಮ್ಮೆ ಕಡ್ಡಿ ಇಳಿಸಿ ಮಟ್ಟ ಅಳೆಯುವುದು, ಪ್ರತಿ ವಯಲ್ ಮೇಲೆ ಬೆಕ್ಕಿನ ಸಂಖ್ಯೆ, ಪ್ಯಾಸೇಜ್, ಮೂಲ ಗಡ್ಡೆಯ ಬ್ಲಾಕ್ ಸಂಖ್ಯೆ.