ಕೀಟಗಳು ಹವಾಮಾನಕ್ಕೆ ಹೊಂದಿಕೊಂಡಿವೆಯೇ ಎಂದು ಪರೀಕ್ಷಿಸುವ ಬಗೆ

ತಂಪು ಪ್ರದೇಶದಿಂದ ಹಿಡಿದು ತಂದ ನೊಣಗಳು ಚಳಿಯನ್ನು ತಾಳಿಕೊಂಡವು, ಸೆಕೆಯ ಪ್ರದೇಶದವು ತಾಳಲಿಲ್ಲ ಎಂದು ಕಂಡ ಕೂಡಲೇ ಅದನ್ನು ವಿಕಾಸದ ಫಲವೆಂದು ಬರೆದುಬಿಡುವುದು ಈ ವಿಷಯದಲ್ಲಿ ಪದೇ ಪದೇ ಆಗುವ ತಪ್ಪು. ಒಂದು ಜಾತಿಯ ಮಾಂಸದ ನೊಣವನ್ನು ನೇರವಾಗಿ −10 ಡಿಗ್ರಿ ಸೆಲ್ಸಿಯಸ್ ಚಳಿಗೆ ಒಡ್ಡಿದರೆ ಅದು ಸಾಯುತ್ತದೆ. ಅದಕ್ಕೂ ಮುನ್ನ ಎರಡು ಗಂಟೆ 0 ಡಿಗ್ರಿಯಲ್ಲಿ ಇರಿಸಿದರೆ ಅದೇ ಚಳಿಯನ್ನು ದಾಟಿ ಬದುಕುತ್ತದೆ ಎಂಬುದು 1987ರಲ್ಲಿಯೇ ಪ್ರಕಟವಾದ ಸಂಗತಿ. ಎರಡು ಗಂಟೆಯಲ್ಲಿ ಆದದ್ದು ಆ ಜೀವಿಯ ಒಗ್ಗುವಿಕೆಯಷ್ಟೆ, ವಂಶವಾಹಿಗಳಲ್ಲಿ ಏನೂ ಬದಲಾಗಿಲ್ಲ. ಪೀಳಿಗೆಗಳುದ್ದಕ್ಕೂ ಆಯ್ಕೆ ನಡೆದು, ಒಂದು ಪ್ರದೇಶದ ಇಡೀ ಸಮುದಾಯದ ಗುಣವೇ ಬದಲಾಗಿದ್ದರೆ ಮಾತ್ರ ಅದನ್ನು ಹೊಂದಾಣಿಕೆ ಎನ್ನಬೇಕು. ಇವೆರಡನ್ನೂ ಬೇರ್ಪಡಿಸಿ ನೋಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಕಲಿಯುವುದಕ್ಕೆ ಹಣ್ಣಿನ ನೊಣ, ಅಂದರೆ ಡ್ರಾಸೊಫಿಲ, ಎಲ್ಲಕ್ಕಿಂತ ಅನುಕೂಲಕರ. ಕಳಿತ ಹಣ್ಣಿಗೆ ತಾನಾಗಿ ಬರುತ್ತದೆ, 25 ಡಿಗ್ರಿಯಲ್ಲಿ ಮೊಟ್ಟೆಯಿಂದ ಪ್ರೌಢ ನೊಣವಾಗಲು ಸುಮಾರು 10 ದಿನ ಸಾಕು. ಹವಾಮಾನ ಭಿನ್ನವಾಗಿರುವ ಎರಡು ಸ್ಥಳಗಳನ್ನು ಮಾತ್ರ ಆರಿಸಿಕೊಳ್ಳಬೇಡಿ. ಎರಡು ಊರುಗಳ ನೊಣಗಳ ನಡುವೆ ವ್ಯತ್ಯಾಸವಿರಲು ಹವಾಮಾನವೇ ಕಾರಣವಾಗಬೇಕಿಲ್ಲ. ಆಕಸ್ಮಿಕವಾಗಿಯೂ ವಂಶವಾಹಿಗಳ ಪ್ರಮಾಣ ಬೇರೆಯಾಗಿರಬಹುದು. ಅಕ್ಷಾಂಶದ ಉದ್ದಕ್ಕೂ ಅಥವಾ ಬೆಟ್ಟದ ಬುಡದಿಂದ ತುದಿಯವರೆಗೂ ಐದಾರು ಸ್ಥಳಗಳಿದ್ದರೆ, ಗುಣವು ಹವಾಮಾನದ ಜೊತೆಜೊತೆಗೇ ಏರಿಳಿಯುತ್ತದೆಯೇ ಎಂದು ನೋಡಬಹುದು. ಒಂದೇ ಸ್ಥಳದಿಂದ ಇನ್ನೂರು ನೊಣಗಳನ್ನು ಅಳೆದರೂ ಲೆಕ್ಕಕ್ಕೆ ಸಿಗುವುದು ಒಂದೇ ಸಮುದಾಯ ಎಂಬುದನ್ನು ಮರೆಯಬಾರದು.

ಹಿಡಿದು ತಂದ ಹೆಣ್ಣುಗಳನ್ನು ಒಂದೊಂದಾಗಿ ಬೇರೆ ಬೇರೆ ಸೀಸೆಗಳಲ್ಲಿ ಬಿಡಬೇಕು. ಹೆಚ್ಚಿನವು ಆಗಲೇ ಗಂಡಿನೊಡನೆ ಕೂಡಿರುವುದರಿಂದ ಪ್ರತಿ ಸೀಸೆಯೂ ಒಬ್ಬ ತಾಯಿಯ ವಂಶವಾಗುತ್ತದೆ. ಇದರಿಂದ ಇನ್ನೊಂದು ಉಪಯೋಗವೂ ಇದೆ. ಡ್ರಾಸೊಫಿಲ ಮೆಲನೊಗ್ಯಾಸ್ಟರ್ ಮತ್ತು ಅದರ ಹತ್ತಿರದ ಬಂಧುವಾದ ಸಿಮ್ಯುಲನ್ಸ್ ಜಾತಿಯ ಹೆಣ್ಣುಗಳನ್ನು ಗುರುತಿಸುವುದು ಪಳಗಿದ ಕಣ್ಣಿಗೂ ಕಷ್ಟ. ಅವುಗಳ ಗಂಡುಮಕ್ಕಳು ಹುಟ್ಟಿದ ಮೇಲೆ ಜನನಾಂಗದ ಆಕಾರ ನೋಡಿ ಜಾತಿಯನ್ನು ಖಚಿತಪಡಿಸಿಕೊಳ್ಳಬಹುದು. ಎರಡು ಜಾತಿಗಳು ಬೆರೆತುಹೋದರೆ ಮುಂದಿನ ಅಳತೆಯೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಇಡೀ ಪ್ರಯೋಗ ನಿಂತಿರುವುದು ಮುಂದಿನ ಹೆಜ್ಜೆಯ ಮೇಲೆ. ಎಲ್ಲ ಸ್ಥಳಗಳ ವಂಶಗಳನ್ನೂ ಒಂದೇ ಉಷ್ಣತೆ, ಒಂದೇ ಆಹಾರ, ಒಂದೇ ಹಗಲು-ಇರುಳಿನ ಅವಧಿಯಲ್ಲಿ ಕನಿಷ್ಠ ಎರಡು ಪೀಳಿಗೆ ಸಾಕಿ, ಆನಂತರ ಹುಟ್ಟಿದವುಗಳನ್ನು ಮಾತ್ರ ಅಳೆಯಬೇಕು. ಒಂದು ಪೀಳಿಗೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು, ಏಕೆಂದರೆ ತಾಯಿ ಅನುಭವಿಸಿದ ಚಳಿಯ ಅಥವಾ ಹಸಿವಿನ ಪ್ರಭಾವವು ಮೊಟ್ಟೆಯ ಮೂಲಕ ಮಕ್ಕಳಿಗೂ ದಾಟುತ್ತದೆ. ಸಾಕುವಾಗ ಸೀಸೆಯೊಂದಕ್ಕೆ ಸುಮಾರು 40 ಮೊಟ್ಟೆಗಳನ್ನು ಎಣಿಸಿಯೇ ಹಾಕಬೇಕು. ನಾನು ಮೊದಲ ಸಲ ಎಣಿಸುವ ಗೋಜಿಗೆ ಹೋಗದೆ ಕಣ್ಣಳತೆಯಲ್ಲಿ ಹಾಕಿದ್ದೆ. ಒಂದು ಸ್ಥಳದ ನೊಣಗಳು ಚಿಕ್ಕವಾಗಿ ಬಂದದ್ದನ್ನು ಕಂಡು ಸಂಭ್ರಮಪಟ್ಟ ಮೇಲೆ, ಆ ಸೀಸೆಗಳಲ್ಲಿ ಮರಿಹುಳುಗಳು ಕಿಕ್ಕಿರಿದು ಆಹಾರವೇ ಸಾಲದೆ ಹೋಗಿತ್ತೆಂದು ತಿಳಿಯಿತು. ಸಾಧ್ಯವಿದ್ದರೆ ಅಳೆಯುವ ಪೀಳಿಗೆಯನ್ನು 18 ಮತ್ತು 25 ಡಿಗ್ರಿ ಎರಡರಲ್ಲೂ ಬೆಳೆಸಬೇಕು. ತಂಪಿನಲ್ಲಿ ಬೆಳೆದ ನೊಣ ನಿಧಾನವಾಗಿ ಬೆಳೆದು ದೊಡ್ಡದಾಗುತ್ತದೆ, ಇದು ಒಗ್ಗುವಿಕೆ. ಒಂದೇ ಉಷ್ಣತೆಯಲ್ಲಿ ಬೆಳೆದರೂ ಸ್ಥಳದಿಂದ ಸ್ಥಳಕ್ಕೆ ಉಳಿಯುವ ಅಂತರವೇ ಆನುವಂಶಿಕವಾದದ್ದು.

ಏನನ್ನು ಅಳೆಯಬೇಕು? ಚಳಿಯಿಂದ ಚೇತರಿಸಿಕೊಳ್ಳಲು ಬೇಕಾಗುವ ಸಮಯವನ್ನು ಅಳೆಯಲು ದುಬಾರಿ ಉಪಕರಣ ಬೇಡ, ಕರಗುತ್ತಿರುವ ಮಂಜುಗಡ್ಡೆ ಮತ್ತು ನೀರಿನ ಮಿಶ್ರಣ ತಾನೇ 0 ಡಿಗ್ರಿಯಲ್ಲಿ ನಿಲ್ಲುತ್ತದೆ. ನಾಲ್ಕೈದು ದಿನ ವಯಸ್ಸಿನ ನೊಣಗಳನ್ನು ಒಣಗಿದ, ನೀರು ನುಗ್ಗದಂತೆ ಬಿಗಿಯಾಗಿ ಮುಚ್ಚಿದ ಸೀಸೆಯಲ್ಲಿಟ್ಟು ಆ ಮಿಶ್ರಣದಲ್ಲಿ ಕೆಲವು ಗಂಟೆ ಮುಳುಗಿಸಿಡಬೇಕು. ಹೊರತೆಗೆದು 25 ಡಿಗ್ರಿಯ ಕೋಣೆಯಲ್ಲಿ ಬಿಳಿ ಕಾಗದದ ಮೇಲೆ ಸುರಿದಾಗ ಅವು ಕಾಲುಗಳನ್ನು ಮಡಚಿಕೊಂಡು ಸತ್ತಂತೆ ಅಂಗಾತ ಬಿದ್ದಿರುತ್ತವೆ. ಸ್ವಲ್ಪ ಹೊತ್ತಿಗೆ ಒಂದು ಕಾಲಿನ ತುದಿ ಅದುರುತ್ತದೆ, ಆಮೇಲೆ ಆರೂ ಕಾಲುಗಳು ಗಾಳಿಯಲ್ಲಿ ಆಸರೆ ಹುಡುಕುತ್ತವೆ, ಒಮ್ಮೆ ಮಗುಚಲು ಹೋಗಿ ಮತ್ತೆ ಬೀಳುತ್ತದೆ, ಕೊನೆಗೆ ಎದ್ದು ನಿಲ್ಲುತ್ತದೆ. ಗಡಿಯಾರ ನಿಲ್ಲಿಸಬೇಕಾದದ್ದು ಆರೂ ಕಾಲುಗಳ ಮೇಲೆ ನಿಂತ ಆ ಕ್ಷಣದಲ್ಲಿ, ಮೊದಲ ಅದುರುವಿಕೆಗಲ್ಲ. ಸಾಮಾನ್ಯವಾಗಿ ಸಮಶೀತೋಷ್ಣ ಪ್ರದೇಶದ ವಂಶಗಳು ಉಷ್ಣವಲಯದವುಗಳಿಗಿಂತ ಬೇಗ ಏಳುತ್ತವೆ. ಗಂಡು ಹೆಣ್ಣುಗಳನ್ನು ಬೇರ್ಪಡಿಸುವಾಗ ನೊಣಗಳ ಪ್ರಜ್ಞೆ ತಪ್ಪಿಸಲು ಇಂಗಾಲದ ಡೈಆಕ್ಸೈಡ್ ಬಳಸಿದ್ದರೆ ಎರಡು ದಿನ ಬಿಟ್ಟು ಪರೀಕ್ಷಿಸಬೇಕು, ಆ ಅನಿಲವೇ ಚೇತರಿಕೆಯನ್ನು ತಡಮಾಡುತ್ತದೆ. ಸೀಸೆಗಳ ಮೇಲೆ ಸ್ಥಳದ ಹೆಸರಿನ ಬದಲು ಸಂಕೇತ ಸಂಖ್ಯೆ ಬರೆಸಿಡುವುದೂ ಅಗತ್ಯ. ಯಾವುದು ಬೇಗ ಏಳಬೇಕೆಂದು ಗೊತ್ತಿರುವ ಕಣ್ಣು ನ್ಯಾಯವಾಗಿ ನೋಡುವುದಿಲ್ಲ.

ರೆಕ್ಕೆಯ ಉದ್ದ ಇನ್ನೊಂದು ಉತ್ತಮ ಅಳತೆ. ಡ್ರಾಸೊಫಿಲ ಸಬ್‌ಅಬ್ಸ್ಕ್ಯೂರ ಎಂಬ ಯುರೋಪಿನ ನೊಣ 1978ರಲ್ಲಿ ಚಿಲಿಯಲ್ಲಿ, 1982ರಲ್ಲಿ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಮೊದಲು ಕಾಣಿಸಿಕೊಂಡಿತು. ಅದರ ಮೂಲನೆಲೆಯಲ್ಲಿ ಉತ್ತರಕ್ಕೆ ಹೋದಂತೆ ರೆಕ್ಕೆ ಉದ್ದವಾಗುತ್ತದೆ. ಉತ್ತರ ಅಮೆರಿಕಕ್ಕೆ ಬಂದು ಒಂದು ದಶಕ ಕಳೆದಾಗ ಅಂಥ ಇಳಿಜಾರು, ಅಂದರೆ ಅಕ್ಷಾಂಶದೊಡನೆ ಹಂತಹಂತವಾಗಿ ಆಗುವ ಬದಲಾವಣೆ, ಅಲ್ಲಿ ಕಾಣಲಿಲ್ಲ. ಎರಡು ದಶಕವಾಗುವಷ್ಟರಲ್ಲಿ, ಒಂದೇ ಪರಿಸ್ಥಿತಿಯಲ್ಲಿ ಸಾಕಿದ ಹೆಣ್ಣುಗಳಲ್ಲಿ ಅದೇ ಇಳಿಜಾರು ಮೂಡಿತ್ತು. ಆದರೆ ಉದ್ದವಾದದ್ದು ರೆಕ್ಕೆಯ ಬೇರೆಯದೇ ಭಾಗ! ಆದ್ದರಿಂದ ಒಟ್ಟು ಉದ್ದವನ್ನಷ್ಟೇ ಬರೆದಿಡದೆ, ನರಗಳು ಸೇರುವ ಬಿಂದುಗಳ ನಡುವಿನ ಭಾಗಗಳನ್ನೂ ಬೇರೆ ಬೇರೆಯಾಗಿ ಅಳೆಯುವುದು ಒಳ್ಳೆಯದು.

ಒಣ ಹವೆಯ ತಾಳಿಕೆಯನ್ನು ನೋಡಬೇಕಿದ್ದರೆ ತೇವ ಹೀರುವ ಸಿಲಿಕಾ ಜೆಲ್ ಇರಿಸಿದ ಸೀಸೆಯಲ್ಲಿ ನೊಣಗಳು ಎಷ್ಟು ಗಂಟೆ ಬದುಕುತ್ತವೆಂದು ಎಣಿಸಿದರಾಯಿತು.

ಚಳಿಗಾಲವನ್ನು ಸುಪ್ತಾವಸ್ಥೆಯಲ್ಲಿ ಕಳೆಯುವ ಕೀಟಗಳಿಗೆ ಮಂಜುಗಡ್ಡೆಯ ಪರೀಕ್ಷೆ ಸಾಲದು, ಅವು ಚಳಿಗಾಲದ ಸೂಚನೆಯನ್ನು ಹೆಚ್ಚಾಗಿ ಹಗಲಿನ ಅವಧಿಯಿಂದ ಓದಿಕೊಳ್ಳುತ್ತವೆ. ಮರಿಹುಳುಗಳನ್ನು ಗುಂಪುಗಳಾಗಿ ಮಾಡಿ, ಬೆಳಕಿನ ಅವಧಿಯನ್ನು ಗುಂಪಿನಿಂದ ಗುಂಪಿಗೆ ಅರ್ಧ ಗಂಟೆಯಂತೆ ಹೆಚ್ಚಿಸುತ್ತಾ ಹೋಗಿ, ಅರ್ಧದಷ್ಟು ಹುಳುಗಳು ಬೆಳವಣಿಗೆ ನಿಲ್ಲಿಸುವ ಅವಧಿ ಯಾವುದೆಂದು ಗುರುತಿಸಬೇಕು. ಪೂರ್ವ ಉತ್ತರ ಅಮೆರಿಕದಲ್ಲಿ ಹೂಜಿ ಗಿಡದ ಎಲೆಗಳಲ್ಲಿ ನಿಂತ ನೀರಿನಲ್ಲಿ ಬೆಳೆಯುವ ವಯೋಮಿಯ ಸ್ಮಿತಿಐ ಸೊಳ್ಳೆಯಲ್ಲಿ ಬ್ರಾಡ್‌ಶಾ ಮತ್ತು ಹೋಲ್ಜಾಪ್ಫೆಲ್ ಎಂಬ ಸಂಶೋಧಕರು ಇದನ್ನೇ ಅಳೆದರು. 1972ಕ್ಕೆ ಹೋಲಿಸಿದರೆ 1996ರಲ್ಲಿ ಉತ್ತರದ ಸಮುದಾಯಗಳು ಹಗಲು ಇನ್ನಷ್ಟು ಗಿಡ್ಡವಾಗುವವರೆಗೆ ಕಾದು ಸುಪ್ತಾವಸ್ಥೆಗೆ ಇಳಿಯುತ್ತಿದ್ದವು. 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಈ ವಿಳಂಬ ಸುಮಾರು ಒಂಬತ್ತು ದಿನ. ಚಳಿಗಾಲ ತಡವಾಗಿ ಬರತೊಡಗಿದ್ದಕ್ಕೆ ಬದಲಾದದ್ದು ಸೊಳ್ಳೆಯ ಶಾಖದ ತಾಳಿಕೆಯಲ್ಲ, ಅದರ ಪಂಚಾಂಗ. ನನ್ನ ದೃಷ್ಟಿಯಲ್ಲಿ ಆರಂಭಿಕರು ಕಡೆಗಣಿಸುವ ಗುಣ ಇದೇ.

ಅಳತೆಗಳನ್ನು ಕೆಲವೇ ಪೀಳಿಗೆಗಳೊಳಗೆ ಮುಗಿಸಬೇಕು. ವರ್ಷಗಟ್ಟಲೆ ಸೀಸೆಯಲ್ಲೇ ಬೆಳೆದ ವಂಶಗಳು ಸೀಸೆಗೇ ಹೊಂದಿಕೊಳ್ಳತೊಡಗುತ್ತವೆ. ಕೆಲಸ ಮುಗಿದ ಮೇಲೆ ಉಳಿದ ನೊಣಗಳನ್ನು ಹೊರಗೆ ಬಿಡದೆ, ಸೀಸೆಗಳ ಸಮೇತ ಫ್ರೀಜರಿನಲ್ಲಿ ಒಂದೆರಡು ದಿನ ಇಟ್ಟು ಅನಂತರವೇ ತೊಳೆಯಬೇಕು. ದೂರದ ಊರಿನ ವಂಶ ಇಲ್ಲಿಯದರೊಡನೆ ಬೆರೆತರೆ, ಮುಂದಿನ ವರ್ಷ ಇದೇ ಸ್ಥಳದಲ್ಲಿ ಹಿಡಿಯುವ ನೊಣಗಳು ಯಾವ ಹವಾಮಾನದ ಮಕ್ಕಳೆಂದು ಹೇಳಲಾಗುವುದಿಲ್ಲ.